ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಹಂಗಳದ ಪಟೇಲ ಮರಿಮಲ್ಲಪ್ಪನವರ ದೇವರ ಕೋಣೆಯಿಂದ ಅಜ್ಜನ ಕಾಲದ, ಲಿಂಗವಿಡುವ ಬೆಳ್ಳಿ ಕರಡಿಗೆ ಕಾಣೆಯಾಗಿತ್ತು. ಗುಮಾನಿ ಅಡುಗೆಯ ಪುಟ್ಟಸಿದ್ದಮ್ಮನ ಮೇಲೆ. ಸಂಜೆಯ ಬಸ್ಸಿಗೆ ಅವಳನ್ನು ಗುಂಡ್ಲುಪೇಟೆ ಠಾಣೆಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಇಂಥ ಗಂಟು ಬಿಚ್ಚುವುದರಲ್ಲಿ ಹೆಸರಾದ ಡಾಕ್ಟರ್ ನೀಲಕಂಠಸ್ವಾಮಿ ಸುದ್ದಿ ಕೇಳಿದ್ದೇ, ಕಾಂಪೌಂಡರ್ ಮಹದೇವಯ್ಯನನ್ನು ಅರ್ಧ ಊಟದಿಂದ ಎಬ್ಬಿಸಿಕೊಂಡು ಬಂದಿಳಿದರು.

"ದೇವರ ಕೋಣೆಗೆ ಬೇರೆ ಯಾರು ಹೋಗ್ತಾರೆ?"

"ಅಣ್ಣನ ಮಗ ಸಿದ್ದಮಲ್ಲಪ್ಪ ಒಬ್ಬ. ಪಾಪ, ಅವ್ನಿಗೆ ಅಮ್ಮ ಬಂದು ವಾರದಿಂದ ಮಲಗವ್ನೆ. ಕರಡಿಗೆ ಕಳ್ದೋಗಿದ್ದು ನೆನ್ನೆ," ಎಂದರು ಪಟೇಲರು.

ಪಕ್ಕದಲ್ಲೇ ಇದ್ದ ಅವನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಮ್ಮ ಬಂದ, ಎಂದರೆ ಸೀತಾಳೆ ಸಿಡುಬು ಎದ್ದ ಮನೆಗೆ ಊರವರು ಕಾಲಿಡುವುದಿಲ್ಲ. ಸಿದ್ದಮಲ್ಲಪ್ಪನ ತಾಯಿ ಗುರುಮಲ್ಲಮ್ಮ ಅಡ್ಡ ನಿಂತಳು. "ಅಮ್ಮ ಮುನಿಸ್ಕತ್ತಾಳೆ ಡಾಕ್ಟ್ರೆ, ಒಳಿಕ್ ಬರ್ಬೇಡಿ." ಅಷ್ಟರಲ್ಲಿ ಒಳಗಿಂದ ಸಾಸಿವೆ ಒಗ್ಗರಣೆಯ ಘಮ ತೇಲಿಬಂದು ಹಸಿದ ಮಹದೇವಯ್ಯನ ಬಾಯಲ್ಲಿ ನೀರೂರಿತು. ಡಾಕ್ಟರು ನಕ್ಕು ಒಳನುಗ್ಗಿದರು.

ಸಿದ್ದಮಲ್ಲಪ್ಪ ಬೇವಿನ ಸೊಪ್ಪಿನ ಹಾಸಿಗೆಯಲ್ಲಿ ನರಳುತ್ತಿದ್ದ. ಮುಖ, ತೋಳುಗಳ ತುಂಬ ನೀರುಗುಳ್ಳೆ, ಅಂಚೆಲ್ಲ ಕಪ್ಪು. ಡಾಕ್ಟರು ಹಣೆ ಮುಟ್ಟಿ, ಅಂಗಿ ಎತ್ತಿದರು. ಎದೆ, ಬೆನ್ನು ನುಣ್ಣಗಿದ್ದವು.

ತುಸು ಹೊತ್ತಿಗೆ ಎಲ್ಲರೂ ಪಟೇಲರ ಮನೆಯ ಜಗಲಿಯಲ್ಲಿ ಸೇರಿದರು; ಪುಟ್ಟಸಿದ್ದಮ್ಮ ಮೂಲೆಯಲ್ಲಿ ಕೂತಿದ್ದಳು.

"ಸೀತಾಳೆ ಜಾಸ್ತಿ ಏಳೋದು ಎದೆ, ಬೆನ್ನಿನ ಮೇಲೆ," ಎಂದರು ಡಾಕ್ಟರು. "ಒಂದೇ ಸಲ ಏಳೋಲ್ಲ, ಕಂತುಕಂತಾಗಿ ಏಳುತ್ತೆ. ವಾರದ ರೋಗಿ ಮೈಮೇಲೆ ಹೊಸ ಗುಳ್ಳೆ ಪಕ್ಕದಲ್ಲೇ ಒಣಗಿದ ಹಕ್ಕಳೆ ಇರಬೇಕು. ಇವನವು ಎಲ್ಲಾ ಒಂದೇ ವಯಸ್ಸಿನವು."

"ಹಂಗಾರೆ ದೊಡ್ಡ ಸಿಡುಬಾ ಸ್ವಾಮಿ?" ಮಹದೇವಯ್ಯ ಹೆದರಿ ಹಿಂದೆ ಸರಿದ.

"ಅದಾಗಿದ್ರೆ ಅಂಗೈ, ಅಂಗಾಲನ್ನೂ ಬಿಡ್ತಿರಲಿಲ್ಲ. ಇವನಿಗೆ ಜ್ವರವೇ ಇಲ್ಲ. ಆ ಕಪ್ಪು, ಅಗಸರು ಬಟ್ಟೆಗೆ ಗುರುತು ಹಾಕೋ ಕರಿಗೇರಿನ ರಸದ್ದು. ಸೋಕಿದ್ರೆ ಚರ್ಮ ಬೊಬ್ಬೆ ಏಳುತ್ತೆ. ಇನ್ನು ಒಗ್ಗರಣೆ! ಅಮ್ಮ ಇರೋ ಮನೇಲಿ ಯಾವ ತಾಯಿ ಒಗ್ಗರಣೆ ಹಾಕ್ತಾಳೆ? ಅಮ್ಮ ಬಂದಿಲ್ಲ ಅಂತ ಗೊತ್ತಿರೋಳು. ಹೋಗು ಮಹದೇವಯ್ಯ, ಯಾರೂ ಮುಟ್ಟದ ಆ ಸೊಪ್ಪಿನ ಹಾಸಿಗೆ ಎತ್ತು."

ಮಹದೇವಯ್ಯ ಕರಡಿಗೆ ಹಿಡಿದು ಬಂದಾಗ ಗುರುಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಸಪ್ಪೆ ಉಣ್ಣಾಕಿಲ್ಲ ಅಂದ... ಮಾಡ್ಬುಟ್ಟೆ."

ಪಟೇಲರು ಗಂಟಲು ಸರಿಮಾಡಿಕೊಂಡರು. "ಪುಟ್ಟಸಿದ್ದಮ್ಮ, ಆಗದ್ದು ಆಗೋಯ್ತು. ಒಳಿಕ್ ಓಗಿ ಅಡ್ಗೆ ನೋಡು."

ಪುಟ್ಟಸಿದ್ದಮ್ಮ ಎದ್ದು, ಪಕ್ಕದ ಬಾಗಿಲಿನ ಬೇವಿನ ಸೊಪ್ಪನ್ನು ಕಿತ್ತು ತಂದು ಅವರ ಕೈಗಿಟ್ಟಳು.

"ನಿಮ್ಮ ಬಾಕ್ಲಿಗೆ ಕಟ್ಕಳಿ ಬುದ್ದಿ. ಇನ್ ನಾನ್ ಒಳಿಕ್ ಬರಾಕಿಲ್ಲ."