ಇಂಚರಳ ಹೊರೆಯಂಗಿ

"ಮುದ್ದೆ ತಿರುವೋದಕ್ಕೂ ಒಬ್ಬ ವಿಜ್ಞಾನಿ ಬೇಕಾಯ್ತಲ್ಲ ಸ್ವಾಮಿ, ಕಾಲ ಎಲ್ಲಿಗೆ ಬಂತು" ಎಂದು ತಿಪ್ಪೇಶ ನಡುಮನೆಯ ಕುರ್ಚಿಯಿಂದಲೇ ಕೂಗಿದ.

ಅಡುಗೆಮನೆಯಲ್ಲಿ ನಿಂತಿದ್ದ ಡಾ. ಅರಿಹಂತ ಉಪಾಧ್ಯೆ ನಕ್ಕರು. ಆದರೆ ಕೈಯಲ್ಲಿದ್ದ ಅಂಕಿಗಳ ಫಲಕದಿಂದ ಕಣ್ಣು ತೆಗೆಯಲಿಲ್ಲ. ಒಲೆಯ ಮುಂದೆ ತಿಪ್ಪೇಶನ ಹೆಂಡತಿ ಇಂಚರ ಪಾತ್ರೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮುದ್ದೆಕೋಲು ತಿರುವುತ್ತಿದ್ದಳು. ಇಬ್ಬರಿಗೆ ಸಾಲುವಷ್ಟೇ ಹಿಟ್ಟು. ಆದರೂ ಮದುವೆಮನೆಯ ಅಡುಗೆಗೆ ನಿಂತವಳಂತೆ ಅವಳ ತೋಳು ನಡುಗುತ್ತಿತ್ತು, ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು.

"ಹೊರೆಯನ್ನು ಇನ್ನೊಂದು ಮೆಟ್ಟಿಲು ಏರಿಸಿದ್ದೇನೆ ಮೇಡಂ. ಗೊತ್ತಾಯಿತೆ?"

"ಗೊತ್ತಾಗದೆ ಏನು ಸಾರ್. ರಾಗಿಹಿಟ್ಟಿಗೆ ಯಾರೋ ಸಿಮೆಂಟು ಬೆರೆಸಿದ ಹಾಗಿದೆ."

ಅವಳು ರವಿಕೆಯ ಒಳಗೆ ತೊಟ್ಟಿದ್ದದ್ದು ಹೊರೆಯಂಗಿ. ನೋಡುವುದಕ್ಕೆ ತೆಳುವಾದ ಬನಿಯನ್, ಕೆಳಗೆ ಮಂಡಿಯವರೆಗೆ ಬರುವ ಚಡ್ಡಿ. ಅದರ ನೇಯ್ಗೆಯಲ್ಲಿ ಕೂದಲಿಗಿಂತ ಸಣ್ಣ ಸಂಕೋಚತಂತುಗಳನ್ನು ಸ್ನಾಯುಗಳ ಜಾಡಿನಲ್ಲೇ ಹಾಸಲಾಗಿತ್ತು. ತೊಟ್ಟವರು ಕೈಯೆತ್ತಿದರೆ ತಂತುಗಳು ಕೆಳಕ್ಕೆ ಎಳೆಯುತ್ತವೆ, ಕುಳಿತವರು ಏಳಹೊರಟರೆ ತೊಡೆಯನ್ನು ಹಿಂದಕ್ಕೆ ಜಗ್ಗುತ್ತವೆ. ಎಷ್ಟು ಜಗ್ಗಬೇಕೆಂದು ಸೊಂಟದ ಬಳಿಯ ಗುಂಡಿಯಷ್ಟು ದೊಡ್ಡ ಹೊರೆನಿಯಂತ್ರಕ ತೀರ್ಮಾನಿಸುತ್ತದೆ. ದೇಹ ಒಗ್ಗಿದಂತೆಲ್ಲ ಅದು ಹೊರೆಯನ್ನು ಚೂರುಚೂರೇ ಏರಿಸುತ್ತದೆ. ತಾನು ಎತ್ತುತ್ತಿರುವುದು ವ್ಯಾಯಾಮಶಾಲೆಯ ಕಬ್ಬಿಣವೋ ಮನೆಯ ಬಿಂದಿಗೆಯೋ ಎಂಬುದು ಸ್ನಾಯುವಿಗೆ ತಿಳಿಯದು. ಭಾರ ಬಿದ್ದಾಗ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಊಟ ನಿದ್ದೆ ಸಿಕ್ಕಾಗ ಮೊದಲಿಗಿಂತ ದಪ್ಪವಾಗಿ ಕೂಡಿಕೊಳ್ಳುತ್ತವೆ. ಬಲವರ್ಧನೆಯ ವಿದ್ಯೆಯೆಂದರೆ ಇಷ್ಟೇ. ಮಿಕ್ಕದ್ದೆಲ್ಲ ಬಿಡುವಿನ ಪ್ರಶ್ನೆ. ಆ ಬಿಡುವು ಯಾರಿಗೂ ಇರಲಿಲ್ಲವಾದ್ದರಿಂದಲೇ ಉಪಾಧ್ಯೆಯವರು, ಬಿಡುವಿಲ್ಲದವರ ಬದುಕನ್ನೇ ವ್ಯಾಯಾಮಶಾಲೆ ಮಾಡಿಬಿಡೋಣ ಎಂದು ಹೊರಟಿದ್ದರು.

ಇಂಚರಳಿಗಿಂತ ಬಿಡುವಿಲ್ಲದವರನ್ನು ಅವರು ಎಲ್ಲಿ ಹುಡುಕಬೇಕಿತ್ತು? ಚಿತ್ರದುರ್ಗದ ಕೋಟೆಯ ಹಿಂದಿನ ಬೀದಿಯಲ್ಲಿ ಅವಳ ಮನೆ. ಬಸ್ಸು ಹಿಡಿದು ಹೋಗಬೇಕಾದ ಹಳ್ಳಿಯಲ್ಲಿ ಅವಳ ಪ್ರೌಢಶಾಲೆ, ಅಲ್ಲಿ ಅವಳು ಗಣಿತದ ಮೇಡಂ. ಮನೆಯಲ್ಲಿ, ಲಕ್ವ ಹೊಡೆದು ಬಲಗೈ ಬಲಗಾಲಿನ ಸ್ವಾಧೀನ ಕಳೆದುಕೊಂಡ ಗಂಡ. ತಿಪ್ಪೇಶ ಹೊಸದುರ್ಗದ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಚಾಲಕರಿಲ್ಲದ ಬಸ್ಸುಗಳು ಬಂದಮೇಲೂ, ಕಂಡಕ್ಟರ್ ಇಲ್ಲದಿದ್ದರೆ ಅಜ್ಜಿಯರಿಗೆ ಬಸ್ಸು ನಿಲ್ಲಿಸುವವರು ಯಾರು ಎಂದು ಜನ ಹಟ ಹಿಡಿದು ಉಳಿಸಿಕೊಂಡ ಕೆಲಸ ಅದು. ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ, ರೋಗಿಯನ್ನು ಎತ್ತಿ ಕೂರಿಸುವ ಎತ್ತುಯಂತ್ರ ತರಿಸೋಣ ಎಂದಳು ಇಂಚರ. ಬಚ್ಚಲಿನ ಬಾಗಿಲಲ್ಲಿ ಅದು ತೂರಲಿಲ್ಲ. ತೂರಿದ್ದರೂ ಅವನು ಒಪ್ಪುತ್ತಿರಲಿಲ್ಲ. ಕ್ರೇನಿನಲ್ಲಿ ಎತ್ತುವುದಕ್ಕೆ ತಾನೇನು ಕೆಟ್ಟು ನಿಂತ ಬಸ್ಸೇ ಎಂದು ಕೇಳಿದ್ದ. ಕಾಲಿನ ವ್ಯಾಯಾಮ ಹೇಳಿಕೊಡಲು ಬಂದಾಕೆಯನ್ನೂ ಹಾಗೆಯೇ ಸಾಗಹಾಕಿದ್ದ. ಸುಮ್ಮನೆ ಕಾಲು ಎತ್ತಿ ಇಳಿಸು ಎಂದರೆ ಯಾವ ಊರಿಗೆ ಹೋಗುವುದಕ್ಕೆ ಎಂಬುದು ಅವನ ತಕರಾರು.

ಹೀಗಾಗಿ ಅವನನ್ನು ಎತ್ತುವ ಕೆಲಸ ಇಂಚರಳದೇ ಆಯಿತು. ಅದಕ್ಕೆ ಇಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಅವಳು ಅವನ ಕಂಕುಳಲ್ಲಿ ಕೈ ತೂರಿಸಿ, ಮಂಡಿಗೆ ಮಂಡಿ ಆನಿಸಿ ನಿಲ್ಲುವಳು. ಅವನು ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು, ಎಡಹಿಮ್ಮಡಿಯನ್ನು ನೆಲಕ್ಕೆ ಊರಿ, ಉಸಿರು ತೆಗೆದುಕೊಂಡು "ರೈಟ್" ಎನ್ನುವನು. ಆಗ ಇಬ್ಬರೂ ಒಟ್ಟಿಗೆ ದಂ ಕಟ್ಟಬೇಕು. ಅರ್ಧದಲ್ಲಿ ಅವಳ ಸೊಂಟ ಸೋತರೆ ಅವನೇ "ಹೋಲ್ಡಾನ್" ಎನ್ನುವನು, ಇಬ್ಬರೂ ಮಂಚದ ಮೇಲೆ ಕುಸಿಯುವರು. ಮತ್ತೆ ರೈಟ್. ಒಂದೊಂದು ಬೆಳಿಗ್ಗೆ ಇದು ನಗೆಯಲ್ಲಿ ಮುಗಿಯುತ್ತಿತ್ತು, ಒಂದೊಂದು ಬೆಳಿಗ್ಗೆ ಜಗಳದಲ್ಲಿ. ಅವಳ ಬಸ್ಸು ಮಾತ್ರ ಎರಡೂ ಬಗೆಯ ಬೆಳಿಗ್ಗೆ ತಪ್ಪುತ್ತಿತ್ತು.

ಒಂದು ದಿನ ಬಚ್ಚಲಿನಲ್ಲಿ ಇಬ್ಬರೂ ಬಿದ್ದರು. ಅವನ ತಲೆ ಹಂಡೆಯ ಕಟ್ಟೆಗೆ ತಾಗಿ ರಕ್ತ ಬಂತು. ಸುದ್ದಿ ತಿಳಿದು ಬಂದ ತಿಪ್ಪೇಶನ ಅಣ್ಣ, ಎರಡು ಜೀವ ಹೋಗುವುದಕ್ಕಿಂತ ಒಂದನ್ನು ದಾವಣಗೆರೆಯ ಆರೈಕೆ ಮಂದಿರಕ್ಕೆ ಸೇರಿಸುವುದು ಮೇಲಲ್ಲವೇ ಎಂದು ನಯವಾಗಿಯೇ ಕೇಳಿದರು. ಅಲ್ಲಿ ಎತ್ತುವವರಿದ್ದಾರಂತೆ, ಟೀವಿ ಇದೆಯಂತೆ. ತಿಪ್ಪೇಶ ಅಂದು ಜೋಕು ಹೇಳಲಿಲ್ಲ. ಇಂಚರ ಮಾತ್ರ, ಬಿದ್ದಾಗ ಕಂಕುಳ ಕೆಳಗೆ ಆದ ನೋವು ನುಂಗಿಕೊಂಡು, ಇವರನ್ನು ಎಲ್ಲಿಗೂ ಕಳಿಸುವುದಿಲ್ಲ ಭಾವ, ನಾನೇ ಗಟ್ಟಿಯಾಗುತ್ತೇನೆ ಎಂದಳು.

ಗಟ್ಟಿಯಾಗುವುದು ಹೇಗೆ? ಬಸ್‌ಸ್ಟ್ಯಾಂಡಿನ ಮೇಲಂತಸ್ತಿನ ವ್ಯಾಯಾಮಶಾಲೆಗೆ ಚೂಡಿದಾರದಲ್ಲೇ ಹೋಗಿ ನೋಡಿದಳು. ಅಲ್ಲಿಯವರು ಒಳ್ಳೆಯವರೇ. ಹಗುರವಾದ ಭಾರದಿಂದ ಶುರು ಮಾಡಿ, ಬೆನ್ನು ನೆಟ್ಟಗಿಡಿ, ವಾರಕ್ಕೆರಡು ಸಲವಾದರೂ ತಪ್ಪಿಸಬೇಡಿ ಎಂದರು. ಮೊದಲ ವಾರದಲ್ಲೇ ತಪ್ಪಿತು. ಮರುವಾರ ಪರೀಕ್ಷೆ, ಆಮೇಲೆ ಜನಗಣತಿ. ಉಪಾಧ್ಯೆಯವರು ಹೊರೆಯಂಗಿ ತೊಟ್ಟು ನೋಡುವವರನ್ನು ಹುಡುಕುತ್ತಿದ್ದಾರೆಂದು ಅಧ್ಯಾಪಕರ ಕೊಠಡಿಯಲ್ಲಿ ಮಾತು ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ.

ಅಂಗಿ ಸುಳ್ಳು ಹೇಳಲಿಲ್ಲ. ಮೊದಮೊದಲು ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಬಲಭಾಗ ತಲುಪುವಷ್ಟರಲ್ಲಿ ಅಕ್ಷರಗಳು ಜಾರಿ ಕೆಳಗಿಳಿಯುತ್ತಿದ್ದವು. ಬಸ್ಸಿನ ಮೆಟ್ಟಿಲು ಬೆಟ್ಟದ ಮೆಟ್ಟಿಲಾಗಿತ್ತು. ಉಪಾಧ್ಯೆಯವರು ಹೇಳಿದಂತೆ ಕಡಲೆಕಾಳು, ಮೊಸರು, ಮೊಟ್ಟೆ ಎಲ್ಲವನ್ನೂ ತಿಂದಳು. ಮಳೆಗಾಲ ಕಳೆಯುವಷ್ಟರಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಹೊಸ್ತಿಲು ದಾಟಿಸಿದಳು. ಶಾಲೆಯಲ್ಲಿ ಬೆಂಚು ಸರಿಸಬೇಕಾದರೆ ಡ್ರಿಲ್ ಮಾಸ್ತರರು ಅವಳನ್ನೇ ಕರೆಯುತ್ತಿದ್ದರು. ಹಳೆಯ ರವಿಕೆಗಳ ತೋಳು ಬಿಗಿಯಾದವು. ಅವನ್ನು ಬಿಚ್ಚಿಸಿ ಹೊಲಿಸುವಾಗ ದರ್ಜಿಯ ಮುಂದೆ ಅವಳಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ತಿಪ್ಪೇಶನನ್ನು ಎತ್ತುವುದಂತೂ ಹೂವು ಎತ್ತಿದಂತಾಯಿತು. ಅವನು ಸರಳು ಹಿಡಿಯುವ ಮೊದಲೇ ಎದ್ದು ನಿಂತಿರುತ್ತಿದ್ದ. ಕಂಡಕ್ಟರ್ ರೈಟ್ ಹೇಳುವ ಮೊದಲೇ ಗಾಡಿ ಬಿಟ್ಟರೆ ಸಸ್ಪೆಂಡ್ ಆಗುತ್ತೀಯ ಎಂದು ಅವನು ರೇಗಿಸಿದ್ದೂ ಉಂಟು. ಅವಳಿಗೆ ಬಸ್ಸಿನ ಅವಸರ. ಆಗಲಿ ನಾಳೆಯಿಂದ ಹೇಳಿ ಎನ್ನುತ್ತಲೇ ಟವೆಲು ಸುತ್ತಿ ಬಚ್ಚಲಿಗೆ ಹೊತ್ತು ನಡೆಯುತ್ತಿದ್ದಳು. ಬರಬರುತ್ತ ಅವನು ರೇಗಿಸುವುದನ್ನು ಬಿಟ್ಟ. ಅದನ್ನು ಅವಳು ನೆಮ್ಮದಿ ಎಂದುಕೊಂಡಳು. ಭಾವನವರೂ ದಾವಣಗೆರೆಯ ಮಾತು ಎತ್ತುವುದನ್ನು ನಿಲ್ಲಿಸಿದರು.

ಪ್ರಯೋಗ ಮುಗಿದ ದಿನ ಉಪಾಧ್ಯೆಯವರು ತಮ್ಮೂರು ಬೆಳಗಾವಿಯಿಂದ ಸಿಹಿ ಕುಂದಾ ತಂದಿದ್ದರು. ದೊಡ್ಡ ಸಮ್ಮೇಳನವೊಂದರಲ್ಲಿ ಇಂಚರ ಗಂಡನನ್ನು ಎತ್ತಿಕೊಂಡ ಚಿತ್ರ ತೋರಿಸಿದಾಗ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಹೊರೆಯಂಗಿ ಮುಂದಿನ ಯುಗಾದಿಗೆ ಅಂಗಡಿಗಳಿಗೆ ಬರುವುದಂತೆ. ಮಾತಾಡುತ್ತಲೇ ಅವರು ಸೋಪಿನ ಬಿಲ್ಲೆಯಂಥ ಸ್ನಾಯುಮಾಪಕವನ್ನು ತೆಗೆದು ಇಂಚರಳ ತೋಳಿನ ಮೇಲೆ ಜಾರಿಸಿದರು. ಅದು ಚರ್ಮದೊಳಕ್ಕೆ ನಮಗೆ ಕೇಳಿಸದ ಶಬ್ದ ಕಳಿಸಿ, ಮರಳಿದ ದನಿಯಿಂದ ಸ್ನಾಯುವಿನ ದಪ್ಪವನ್ನು ತೋರಿಸುವ ಯಂತ್ರ. ಅಂಕಿ ನೋಡಿ ಅವರ ಮುಖ ಅರಳಿತು.

"ನನ್ನದೂ ಒಂದು ನೋಡಿಬಿಡಿ ಸಾರ್" ಎಂದ ತಿಪ್ಪೇಶ. "ಟಿಕೆಟ್ ಇಲ್ಲದೆ ಕೂತವನು ಅಂತ ಬಿಟ್ಟುಬಿಡಬೇಡಿ."

ಉಪಾಧ್ಯೆಯವರು ನಗುತ್ತ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬಲತೊಡೆಯ ಮೇಲೆ ಜಾರಿಸಿ ತಲೆಯಾಡಿಸಿದರು. ಲಕ್ವ ಹೊಡೆದ ಕಾಲು, ಅದು ಸೊರಗಿದ್ದರಲ್ಲಿ ವಿಶೇಷವಿಲ್ಲ. ಎಡತೊಡೆಯ ಮೇಲೆ ಜಾರಿಸಿದರು. ಯಂತ್ರವನ್ನು ಅವನ ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಜಾರಿಸಿದರು.

"ಈ ಕಾಲಿಗೆ ಲಕ್ವ ತಾಗಿರಲಿಲ್ಲ ಅಲ್ಲವೇ?"

"ಇಲ್ಲ ಸಾರ್. ಅದು ಗಟ್ಟಿ ಕಾಲು" ಎಂದಳು ಇಂಚರ, ಕುಂದಾ ತಟ್ಟೆಗೆ ಹಾಕುತ್ತ.

ಪಕ್ಕದ ಕಿಟಕಿಯ ಸರಳು ಹಿಡಿದು ನೀವೇ ಏಳಿ ನೋಡೋಣ ಎಂದರು ಉಪಾಧ್ಯೆ. ತಿಪ್ಪೇಶ ಹಿಮ್ಮಡಿ ಊರಿದ. ತೊಡೆ ಅದುರಿತು, ಕತ್ತಿನ ನರ ಉಬ್ಬಿತು, ಕುರ್ಚಿ ಕಿರುಗುಟ್ಟಿತು. ಅವನು ಕೂತಲ್ಲೇ ಇದ್ದ. ಬೇಸಗೆಯಲ್ಲಿ ಅದೇ ಕುರ್ಚಿಯಿಂದ, ಅವಳ ಆಸರೆ ಅರೆಬರೆಯಾಗಿದ್ದರೂ ಎದ್ದು, ಸರಳು ಹಿಡಿದು ಬೀದಿ ನೋಡುತ್ತಿದ್ದವನು.

ಉಪಾಧ್ಯೆಯವರು ಮಾಪಕವನ್ನು ಕೆಳಗಿಟ್ಟರು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದರು. ಅಂಗಿಗೆ ಮೊದಲು ಹೇಗೆ ಎತ್ತುತ್ತಿದ್ದಿರಿ, ಅವರು ಎಲ್ಲಿ ಒತ್ತುತ್ತಿದ್ದರು, ಒಂದು ಬೆಳಿಗ್ಗೆ ಎಷ್ಟು ಸಲ ಕೂತು ಏಳುತ್ತಿದ್ದಿರಿ. ಹೇಳುತ್ತ ಹೇಳುತ್ತ ಇಂಚರಳ ದನಿಯೇ ಸಣ್ಣದಾಯಿತು. ಆ ರೈಟ್, ಆ ಹೋಲ್ಡಾನ್, ಮತ್ತೆ ಆ ರೈಟ್. ಸೋತ ಸೊಂಟದ ಹೆಂಡತಿ ಬೀಳಬಾರದೆಂದು ಅವನು ಹಾಕುತ್ತಿದ್ದ ಶಕ್ತಿಯೇ ಅವನ ಬಲವರ್ಧನೆಯಾಗಿತ್ತು. ಅವಳ ದೌರ್ಬಲ್ಯವೇ ಅವನ ವ್ಯಾಯಾಮಶಾಲೆಯಾಗಿತ್ತು. ಅದಕ್ಕೆ ಅವಳೇ ಬೀಗ ಹಾಕಿದ್ದಳು, ಪ್ರತಿದಿನ, ಪ್ರೀತಿಯಿಂದ, ಬಸ್ಸಿನ ಹೊತ್ತಿಗೆ ಸರಿಯಾಗಿ.

"ನಾನು ಒಂದು ದೇಹವನ್ನು ಮಾತ್ರ ಅಳೆದೆ ಮೇಡಂ" ಎಂದರು ಉಪಾಧ್ಯೆ. "ಇಲ್ಲಿ ಎರಡಿದ್ದವು."

"ಹಾಗಾದ್ರೆ ಇವರಿಗೂ ಒಂದು ಅಂಗಿ ಹಾಕಿ."

"ಅಂಗಿ ಚಲನೆಯನ್ನು ತಡೆಯಬಲ್ಲದು. ಹುಟ್ಟಿಸಲಾರದು. ಅವರು ಕಾಲು ಒತ್ತಿದರೆ ತಾನೇ ಅದು ಎದುರು ಒತ್ತುವುದು?"

"ಸರಿ, ನನ್ನ ಬಲ ವಾಪಸ್ ತಗೊಳ್ಳಿ."

ಅವರು ತಲೆ ತಗ್ಗಿಸಿದರು. "ಅಂಗಿ ಬಿಚ್ಚಿಟ್ಟರೆ ಬಲ ತಾನಾಗಿ ಇಳಿಯುತ್ತದೆ. ಆದರೆ ದಿನವೂ ಇವರನ್ನು ಎತ್ತುತ್ತಿರುವವರೆಗೆ ಇಳಿಯುವುದಿಲ್ಲ. ಇನ್ನು ನಿಮಗೆ ಹೊರೆ ಇವರೇ ಮೇಡಂ."

ಕುಂದಾ ಹಾಗೇ ಉಳಿಯಿತು. ಯುಗಾದಿಗೆ ಹೊರೆಯಂಗಿ ಅಂಗಡಿಗಳಿಗೆ ಬಂದೇ ಬಂತು. ಅದರ ಪೆಟ್ಟಿಗೆಯ ಮೇಲೆ ಇಂಚರ ನಗುತ್ತಿದ್ದಳು, ಅವಳ ತೋಳಿನಲ್ಲಿ ತಿಪ್ಪೇಶನೂ ನಗುತ್ತಿದ್ದ. ಇಂಥ ಮನೆಗಳಲ್ಲಿ ಎಚ್ಚರವಿರಲಿ ಎಂದು ಉಪಾಧ್ಯೆಯವರು ತಯಾರಕರಿಗೆ ಬರೆದರಂತೆ. ಪೆಟ್ಟಿಗೆಯ ಮೇಲೆ ಜಾಗವಿಲ್ಲ ಎಂದು ಉತ್ತರ ಬಂತಂತೆ.

ಅಂಗಿ ಬಿಚ್ಚಿಟ್ಟ ಇಂಚರ ದುರ್ಬಲಳಂತೆ ನಟಿಸತೊಡಗಿದಳು. ಅಯ್ಯೋ ಸೊಂಟ ಎಂದಳು, ಅರ್ಧ ಎತ್ತಿ ಕೈಬಿಟ್ಟಳು, ಸಿಲಿಂಡರನ್ನು ಪಕ್ಕದ ಮನೆಯವರಿಂದ ತರಿಸಿದಳು. ಗಣಿತದ ಮೇಡಂಗೆ ನಾಟಕ ಒಗ್ಗಲಿಲ್ಲ. ಅವಳ ಕೈಬಿಗಿ ಎಂಥದ್ದೆಂದು ಅವನ ಕಂಕುಳಿಗೆ ಗೊತ್ತಿತ್ತು. ಕಡೆಗೆ ಒಂದು ಬೆಳಿಗ್ಗೆ ನಟನೆ ಬಿಟ್ಟು, ಮಂಚದ ಎದುರು ನೆಲದ ಮೇಲೆಯೇ ಕುಳಿತಳು. ಬಚ್ಚಲಿನಲ್ಲಿ ನೀರು ಕಾದಿತ್ತು.

"ಇವತ್ತು ನಾನು ಎತ್ತಲ್ಲ. ಒತ್ತಿ, ನೋಡೋಣ."

ತಿಪ್ಪೇಶ ಹಿಮ್ಮಡಿಯನ್ನು ಊರಿದ. ಸ್ವಲ್ಪ ಹೊತ್ತು ಹಾಗೇ ಇದ್ದು ತೆಗೆದ.

"ಆಗೋದಿಲ್ಲ ಅಂತಲ್ಲ ಕಣೇ. ಒತ್ತೋಕೆ ಕಾರಣ ಸಿಗ್ತಾ ಇಲ್ಲ. ಆವಾಗ ನೀನು ಬಿದ್ದುಹೋಗ್ತೀಯ ಅನ್ನೋ ಭಯ ಇತ್ತು. ಆ ಭಯಕ್ಕೆ ಕಾಲು ತಾನೇ ಒತ್ತೋದು. ಈಗ ನೀನು ಬೀಳಲ್ಲ."

"ನಿಮಗೋಸ್ಕರ ಒತ್ತಬಾರದಾ?"

"ನನಗೋಸ್ಕರ ಅಂತ ನಾನು ಯಾವತ್ತು ಏನು ಮಾಡಿದೀನಿ ಹೇಳು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಎತ್ತು. ನೀರು ಆರುತ್ತೆ, ನಿನ್ನ ಬಸ್ಸೂ ಹೋಗುತ್ತೆ."

ಇಂಚರ ಕುಳಿತೇ ಇದ್ದಳು. ಬೀದಿಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳು ಎದ್ದು, ಒಂದು ಕೈಯನ್ನು ಅವನ ಬೆನ್ನ ಹಿಂದೆ, ಇನ್ನೊಂದನ್ನು ಮಂಡಿಗಳ ಕೆಳಗೆ ತೂರಿಸಿ ಎತ್ತಿಕೊಂಡಳು. ಬಚ್ಚಲಿನ ಬಾಗಿಲು ದಾಟುವಾಗ, ಚೌಕಟ್ಟು ತಲೆಗೆ ತಾಗದಿರಲೆಂದು ಅವನು ಕತ್ತನ್ನು ಮಾತ್ರ ಸ್ವಲ್ಪ ಬಗ್ಗಿಸಿದ.