ಇದ್ದೂ ಕಾಣದ ಆರು ಸಾವಿರ ಸಾಲು

ಮೂರು ವರ್ಷದ ದುಡಿಮೆ ಸೋಮವಾರ ಬೆಳಿಗ್ಗೆ ಮಂಗಮಾಯವಾಗಿತ್ತು. ಥಾಯ್ಲೆಂಡಿನ ಲಂಪಾಂಗ್ ಶಾಲೆಯ ಲ್ಯಾಬಿನಲ್ಲಿ ಪರದೆ ನೋಡಿದ ನುವಾನ್ ಎಲ್ಲರನ್ನೂ ಕೂಗಿ ಕರೆದಳು. ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯುವ ತಂತ್ರಾಂಶ ಶುಕ್ರವಾರದವರೆಗೂ ಊರಿನ ಮಾತಿನಲ್ಲೇ ಇತ್ತು. ಈಗ ಮೆನು ತುಂಬ ಇಂಗ್ಲಿಷ್. ಆರು ಸಾವಿರ ಸಾಲು ಅನುವಾದಿಸಿದ್ದ ಮುದುಕ ಕಾಮ್‌ಫನ್ ಮೇಷ್ಟ್ರು ಅನುವಾದ ತಂಡದ ಹುಡುಗ ಸೆಂಗ್‌ನತ್ತ ಬೆರಳು ಮಾಡಿದರು.

"ಇದು ಸೆಂಗ್‌ನದೇ ಕೆಲಸ. ನನ್ನ ಪದಗಳು ಹಳಸಲು ಅಂತ ಹೋದ ವಾರ ಜಗಳ ಆಡಿದ್ದ. ಅಳಿಸಿ ಹಾಕಿದ್ದಾನೆ. ಸಂಜೆಯೊಳಗೆ ಅವನು ತಂಡದಿಂದ ಆಚೆ."

"ನಾನು ಮುಟ್ಟಿಲ್ಲ ಮೇಷ್ಟ್ರೇ," ಎಂದ ಸೆಂಗ್. ಯಾರೂ ಕಿವಿಗೊಡಲಿಲ್ಲ, ನುವಾನ್ ಕೂಡ. ಆ ತಂತ್ರಾಂಶವನ್ನು ಅದರ ಮೂಲ ಬರಹವಾದ ಸೋರ್ಸ್ ಕೋಡ್‌ನಿಂದ ತನ್ನ ಹೆಸರಿನ ಫೋಲ್ಡರಿನಲ್ಲಿ ಕಟ್ಟಿ ಕೂರಿಸಿದ್ದ ಕುಂಗ್ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಅವಳ ಮಣಿಕಟ್ಟಿನಲ್ಲಿ ಬೌದ್ಧ ಮಠದಲ್ಲಿ ಹರಸಿ ಕಟ್ಟುವ ಹೊಸ ಬಿಳಿ ದಾರವಿತ್ತು. ಕತ್ತಿನಲ್ಲಿದ್ದ ಗುರುತಿನ ಚೀಟಿಯೂ ಹೊಸದು, ಅದನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದಳು.

ಊರಿನ ಎಂಥ ಗೋಜಲನ್ನೂ ಬಿಡಿಸುವ ಬುವಾಚನ್ ಅಕ್ಕ ಆ ಲ್ಯಾಬನ್ನು ನೋಡಿಕೊಳ್ಳುತ್ತಿದ್ದಳು. ಎಲ್ಲರನ್ನೂ ಆಚೆಗಟ್ಟಿ, ಅಂಟನ್ನದ ಉಂಡೆ ಜಗಿಯುತ್ತ ಕಂಪ್ಯೂಟರಿನ ಮುಂದೆ ಕೂತಳು. ಎಂದಿನಂತೆ ನುವಾನ್ ಪಕ್ಕದಲ್ಲಿದ್ದಳು.

"ಅನುವಾದದ ಫೈಲು ಇದೆಯಾ ನೋಡೇ."

"ಇದೆ ಅಕ್ಕಾ. ಪೂರ್ತಿ ಇದೆ. ತಾರೀಕೂ ಹೋದ ತಿಂಗಳದ್ದೇ."

"ಮತ್ತೆ ಕಳ್ಳ ಕದ್ದಿದ್ದೇನು, ಮಣ್ಣಾ? ತಂತ್ರಾಂಶ ಎಲ್ಲೆಲ್ಲಿ ಹುಡುಕ್ತಿದೆ ನೋಡೋಣ."

ಅದು ತೆರೆಯಲು ಯತ್ನಿಸಿದ ಫೈಲುಗಳ ಪಟ್ಟಿ ಸರಸರನೆ ಓಡಿತು. ಒಂದು ಸಾಲಿನಲ್ಲಿ ಈಗ ಇಲ್ಲದ ಫೋಲ್ಡರಿನ ವಿಳಾಸವಿತ್ತು, ಅದರಲ್ಲೊಂದು ಹೆಣ್ಣಿನ ಹೆಸರು. ನುವಾನ್ ಓದಲು ಬಾಯಿ ತೆರೆದಳು.

"ಜೋರಾಗಿ ಓದ್ಬೇಡ," ಅಂದಳು ಅಕ್ಕ. "ಎಲ್ಲರನ್ನೂ ಕರಿ."

ಎಲ್ಲರೂ ಸೇರಿದರು.

"ಕಳವೇ ಆಗಿಲ್ಲ," ಅಂದಳು ಅಕ್ಕ. "ಸೋರ್ಸ್‌ನಿಂದ ಕಟ್ಟುವಾಗ ಅನುವಾದ ಎಲ್ಲಿರುತ್ತೆ ಅನ್ನೋ ವಿಳಾಸ ತಂತ್ರಾಂಶದ ಹೊಟ್ಟೇಲಿ ಅಚ್ಚಾಗಿಬಿಡುತ್ತೆ. ಅಲ್ಲಿ ಏನೂ ಸಿಗದಿದ್ರೆ ಚಕಾರ ಎತ್ತದೆ ಇಂಗ್ಲಿಷ್ ತೋರಿಸುತ್ತೆ. ಫೋಲ್ಡರಿನ ಹೆಸರು ಶನಿವಾರ ಬದಲಾಗಿದೆ, ಯಾಕಂದ್ರೆ ಒಡತಿಯ ಹೆಸರೇ ಬದಲಾಗಿದೆ. ಅವಳನ್ನ ನಾವೆಲ್ಲ ಕುಂಗ್ ಅಂತ ಅಡ್ಡಹೆಸರಲ್ಲೇ ಕರೀತೀವಿ, ಗೊತ್ತಾಗೋದು ಹೇಗೆ? ದಾರ, ತಿರುಗಿಸಿ ಹಾಕಿದ ಚೀಟಿ ನೋಡಿ ತಿಳೀತು."

ನುವಾನ್ ಕುಂಗ್ ಕಡೆ ತಿರುಗಿದಳು. "ಸೆಂಗ್ ಮೇಲೆ ಗೂಬೆ ಕೂರಿಸ್ತಿದ್ರೂ ಸುಮ್ನಿದ್ಯಲ್ಲೇ?"

ಕುಂಗ್‌ಳ ಕಣ್ಣು ತುಂಬಿತು. "ಅಮ್ಮ ಐಸಿಯುನಲ್ಲಿದ್ದಾಳೆ. ನಿನ್ನ ಹಳೇ ಹೆಸರೇ ಅವಳಿಗೆ ಕೇಡು, ಎಲ್ಲೂ ಉಳಿಸ್ಬೇಡ, ಬಾಯಲ್ಲೂ ಎತ್ಬೇಡ ಅಂದ್ರು ಭಿಕ್ಷುಗಳು. ಬೆಳಿಗ್ಗೇನೇ ನಂಗೆ ಗೊತ್ತಾಯ್ತು. ಹೇಳಕ್ಕೆ ಹೋದ್ರೆ ಆ ಹೆಸರು ಹೇಳ್ಬೇಕಿತ್ತು."

"ಈಗ ಆ ಹೆಸರಿನ ಫೋಲ್ಡರ್ ಮತ್ತೆ ಮಾಡ್ಬೇಕಾ ಅಕ್ಕಾ?" ಸೆಂಗ್ ಮೆಲ್ಲಗೆ ಕೇಳಿದ.

"ಬೇಡ ಕಣೋ. ಎಲ್ಲರಿಗೂ ಸೇರಿದ ಜಾಗದ ವಿಳಾಸ ಕೊಟ್ಟು ಹೊಸದಾಗಿ ಕಟ್ಟೋಣ."

ಮೇಷ್ಟ್ರು ಕುಂಗ್ ಮುಂದೆ ಬಂದು ನಿಂತರು. "ಆ ಹೆಸರು ಇಟ್ಟವನು ನಾನು," ಅಂದರು. "ನೀನು ಹುಟ್ಟಿದಾಗ ನಿಮ್ಮಮ್ಮನೇ ಬಂದು ಕೇಳಿದ್ಲು."

ಕುಂಗ್ ತಲೆ ಎತ್ತಲಿಲ್ಲ.

"ಹೊಸ ಹೆಸರು ಏನಮ್ಮ?" ಮೇಷ್ಟ್ರು ಕೇಳಿದರು.

"ನಿಚಪಾ."

ಬಾಯಿಪಾಠ ಮಾಡುವವರ ಹಾಗೆ ಮೇಷ್ಟ್ರು ಅದನ್ನು ಎರಡು ಸಲ ಹೇಳಿಕೊಂಡರು. ಆಮೇಲೆ ಸೆಂಗ್‌ನ ಕಡೆ ತಿರುಗಿ, ಕಿರಿಯರೇ ಮೊದಲು ಕೈ ಮುಗಿಯುವ ಆ ಊರಿನಲ್ಲಿ ಎಪ್ಪತ್ತರ ಆ ಹಿರಿಯರು ತಾವೇ ಮೊದಲು ಕೈ ಮುಗಿದರು.