ಅವಳಿಗಾಗಿ ಕಾಯ್ದಿಟ್ಟ ಗೋಡೆ

"ಏಯ್! ನಿಲ್ಸು!"

ಏಣಿಯ ಮೇಲಿದ್ದ ಗಂಡಸು ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದು ತಿರುಗಿ ನೋಡಿದ. ಅವನ ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ಸಿಮೆಂಟಿನ ಧೂಳು.

ಬಾಗಿಲಲ್ಲಿ ದಿನೆಯೊ ನಿಂತಿದ್ದಳು. ಹೆಗಲ ಮೇಲೆ ಉಣ್ಣೆಯ ಕಂಬಳಿ, ಕೈಯಲ್ಲಿ ಕೆಮ್ಮಣ್ಣಿನ ಬಕೆಟ್ಟು.

ಅದು ಊರಿನ ಹೊಸ ಗ್ರಂಥಾಲಯದ ಓದುವ ಕೋಣೆ. ಎದುರಿನ ದೊಡ್ಡ ಗೋಡೆಗೆ ದಿತೆಮಾ ಬರೆದುಕೊಡಿ ಎಂದು ಸಮಿತಿಯವರು ಅವಳಿಗೂ ಅವಳ ಅಮ್ಮನಿಗೂ ಕೆಲಸ ಒಪ್ಪಿಸಿದ್ದರು. ಗೋಡೆಗೆ ಮಣ್ಣು ಬಳಿದು, ಅದು ಹಸಿಯಾಗಿರುವಾಗಲೇ ಬೆರಳಿನಿಂದ, ಫೋರ್ಕಿನಿಂದ ಉತ್ತ ಹೊಲದ ಸಾಲಿನಂಥ ಗೆರೆಗಳನ್ನು ಎಳೆಯುವ ಕೆಲಸ. ಮಾಫೆತೆಂಗ್ ಸುತ್ತಿನ ಹಳ್ಳಿಗಳಲ್ಲಿ ಆ ತಾಯಿ-ಮಗಳು ಬರೆದ ಗೋಡೆಯೆಂದರೆ ಜನ ದಾರಿಯಲ್ಲಿ ನಿಂತು ನೋಡುತ್ತಿದ್ದರು.

ಈಗ ಆ ಗೋಡೆಯ ತುಂಬ ಉಳಿಯ ಗಾಯಗಳು!

"ಯಾರನ್ನ ಕೇಳಿ ಈ ಗೋಡೆ ಮುಟ್ಟಿದೆ?"

"ಆವ್ಸಿ..." ಅವನು ಗಡಿಬಿಡಿಯಿಂದ ಏಣಿ ಇಳಿದ. ಊರಿನ ಅಕ್ಕತಂಗಿಯರನ್ನು ಕರೆಯುವಂತೆ ಗೌರವದಿಂದಲೇ ಕರೆದಿದ್ದ. "ನೀವಿನ್ನು ಬರಲ್ಲ ಅಂತ ಸಮಿತಿಯವ್ರು ಇದನ್ನ ನಂಗೆ ಕೊಟ್ರು. ಟೈಲ್ಸ್ ಚೂರಲ್ಲಿ ಚಿತ್ರ ಮಾಡು ಅಂದ್ರು. ಆದ್ರೆ ನಾನು..."

"ಸರಿ," ಎಂದಳು ದಿನೆಯೊ.

ಅಷ್ಟೇ. ಬಕೆಟ್ಟು ಎತ್ತಿಕೊಂಡು ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಪೀಚ್ ಮರಗಳು ಹೂ ಬಿಟ್ಟಿದ್ದವು. ಅವಳ ಕಣ್ಣಿಗೆ ಅವು ಬಿದ್ದವು, ಮನಸ್ಸಿಗೆ ಬೀಳಲಿಲ್ಲ.

'ಅಮ್ಮನ ಗೋಡೆ ಕಿತ್ತುಕೊಂಡರು... ನನಗೆ ಯಾಕೆ ಅಳು ಬರುತ್ತಿಲ್ಲ? ಕೂಗಿದ್ದೇನೋ ಹೌದು. ಆದರೆ ಆ ಕೂಗೂ ಬೇರೆ ಯಾರದ್ದೋ ಬಾಯಿಂದ ಬಂದ ಹಾಗಿತ್ತಲ್ಲ...'

ಆ ಕಡೆ ಚಳಿಗಾಲವಾದ ಜೂನಿನ ಹಿಮದಲ್ಲಿ ಅಮ್ಮನಿಗೆ ಎದೆ ಕಟ್ಟಿಕೊಂಡಿತ್ತು. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಿದ ದಿನ ದಿನೆಯೊ ಬಂದವರಿಗೆಲ್ಲ ಊಟ ಬಡಿಸಿದಳು, ಪಾತ್ರೆ ತೊಳೆದಳು. ಒಂದು ಹನಿ ಕಣ್ಣೀರಿಲ್ಲ! "ಎಂಥಾ ಗಟ್ಟಿ ಹೆಣ್ಣು!" ಎಂದು ಜನ ಹೊಗಳಿದರು.

ಗಟ್ಟಿಯಲ್ಲ. ಒಳಗೆ ಯಾರೂ ಇರಲಿಲ್ಲ, ಅಷ್ಟೇ. ಅಂದಿನಿಂದ ಹಸಿವೂ ಇರಲಿಲ್ಲ.

ಮರುದಿನ ಆ ಏಣಿಯ ಮೇಲಿದ್ದವನು ಮನೆಗೇ ಬಂದ. ಹೆಸರು ಮೊಲೆಫಿ, ಗ್ರಂಥಾಲಯದ ಗಾರೆ ಕೆಲಸವೆಲ್ಲ ಅವನದೇ. ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ.

"ಆವ್ಸಿ, ನಿನ್ನೆ ನನ್ನ ಮಾತು ಪೂರ್ತಿ ಕೇಳ್ಲಿಲ್ಲ ನೀವು."

"ಗೋಡೆ ಸಿಕ್ತಲ್ಲ? ಇನ್ನೇನು ಬೇಕು?"

"ನೀವು ಬರ್ಬೇಕು. ದಿತೆಮಾ ನೀವೇ ಬರೀಬೇಕು."

"ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಹೋಗು."

"ಒಂದೇ ಒಂದು ಮಾತು..."

ಅವಳು ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ನೋಡಿದರೆ ಅವನಿನ್ನೂ ಅಂಗಳದಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ, ಗಾಳಿಗೆ ಬಿದ್ದಿದ್ದ ಅವಳ ಬೇಲಿಯ ಕಂಬವೊಂದನ್ನು ನಿಲ್ಲಿಸಿ, ಬುಡಕ್ಕೆ ಕಲ್ಲು ಕೊಟ್ಟು ಹೊರಟುಹೋದ.

'ಕಿತ್ತುಕೊಂಡವನಿಗೆ ಈ ಉಪಚಾರ ಬೇರೆ!' ಎಂದುಕೊಂಡಳು. ಆ ಮಾತಿಗೂ ಬಿಸಿ ಇರಲಿಲ್ಲ.

ವಾರ ಕಳೆದ ಮೇಲೆ ಗ್ರಂಥಾಲಯ ನೋಡಿಕೊಳ್ಳುವ ಮಾ-ತುಮೆಲೊ ಏದುಸಿರು ಬಿಡುತ್ತ ಬಂದಳು. ದಪ್ಪ ಹೆಂಗಸು, ದೊಡ್ಡ ಬಾಯಿ. ಕೂರುವ ಮೊದಲೇ ಶುರು ಮಾಡಿದಳು.

"ಅಲ್ವೇ ಹುಡುಗಿ, ನೀನು ಇಲ್ಲಿ ಕಲ್ಲಾಗಿ ಕೂತ್ಕೋ. ಅಲ್ಲಿ ಆ ಮೊಲೆಫಿ ನಿನ್ನ ಸಲುವಾಗಿ ಬೈಸ್ಕೊಂಡು ಸಾಯ್ತಿದಾನೆ!"

"ನನ್ನ ಸಲುವಾಗಿನಾ?"

"ಮತ್ತೆ? ಟೈಲ್ಸ್ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಸಮಿತಿ ಅಧ್ಯಕ್ಷರಿಗೆ ಸುಳ್ಳು ಹೇಳ್ಕೊಂಡೇ ಬಂದಿದಾನೆ. ನಾನು ಅಂಗಡಿಗೆ ಫೋನ್ ಮಾಡಿ ಕೇಳಿದೆ. ಟೈಲ್ಸ್ ಬೇಕು ಅಂತ ಅವನು ಹೇಳೇ ಇಲ್ವಂತೆ!"

"ಮತ್ತೆ ಗೋಡೆ ಯಾಕೆ ಕೆತ್ತಿದ?"

"ನಿಮ್ಮಮ್ಮ ಹೇಳಿದ್ಲು ಕಣೆ! ಗೋಡೆ ಅಳತೆ ತಗೊಳ್ಳೋಕೆ ನೀವಿಬ್ರೂ ಬಂದಿದ್ರಲ್ಲ, ಆವತ್ತು. 'ಈ ಸಿಮೆಂಟು ಗಾಜಿನ ಹಾಗಿದೆ, ನಮ್ಮ ಮಣ್ಣು ಜಾರುತ್ತೆ, ಕೆತ್ತಿ ಒರಟು ಮಾಡಿ ಇಡು ಮಗಾ' ಅಂದ್ಲು. ನಾನೇ ಕೇಳಿದೀನಿ. ನಿನ್ನ ಗೋಡೆ ಬೇರೆಯವ್ರ ಪಾಲಾಗ್ಬಾರ್ದು ಅಂತ ಆ ಟೈಲ್ಸ್ ಕೆಲಸ ತಾನೇ ಒಪ್ಕೊಂಡು ಕೂತಿದಾನೆ, ಪೆದ್ದ! ಇವತ್ತು ಅಧ್ಯಕ್ಷರು ಬರ್ತಿದಾರೆ. ಬೆಳಗ್ಗೆಯಿಂದ ಅವನ ಮುಖ ನೋಡೋಕಾಗ್ತಿಲ್ಲ."

ದಿನೆಯೊ ಎದ್ದಳು. ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಆದರೆ ಎದ್ದಳು. ಚಪ್ಪಲಿ ಹಾಕಿಕೊಂಡಳು.

ಓದುವ ಕೋಣೆಯಲ್ಲಿ ಅಧ್ಯಕ್ಷರ ದನಿ ಜೋರಾಗಿತ್ತು. "ಟೈಲ್ಸ್ ಇಲ್ಲ, ಚಿತ್ರ ಇಲ್ಲ! ಉದ್ಘಾಟನೆಗೆ ಬಂದವ್ರಿಗೆ ಈ ತೂತುಗಳನ್ನ ತೋರಿಸ್ಲಾ?"

ಮೊಲೆಫಿ ತಲೆ ತಗ್ಗಿಸಿ ನಿಂತಿದ್ದ.

"ನ್ತಾತೆ," ಎಂದು ದಿನೆಯೊ ಹಿರಿಯರನ್ನು ಕರೆಯುವಂತೆ ಕರೆದಳು. "ಗೋಡೆ ನಾನು ಬರೀತೀನಿ."

ಅಧ್ಯಕ್ಷರು ತಿರುಗಿದರು. "ಅಮ್ಮ ಇಲ್ದೆ ಆಗುತ್ತಾ ಮಗಳೇ? ಅಲ್ದೆ, ಮಣ್ಣು... ನಾಳೆ ಬಿರುಕು ಬಿಟ್ಟು ಪುಸ್ತಕದ ಮೇಲೆ ಉದುರಿದ್ರೆ?"

"ಉದುರಿದ್ರೆ ಮತ್ತೆ ಬಳೀಬೇಕು. ನಮ್ಮ ಮನೆಗಳಿಗೆ ಬಳಿಯಲ್ವಾ? ಪ್ರತಿ ವರ್ಷ ಬಳೀಬೇಕು."

"ಪ್ರತಿ ವರ್ಷ ಯಾರು ಬರ್ತಾರೆ?"

"ನಾನು ಬರ್ತೀನಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಾಳೆ ಹೇಗೆ ಎಂಬುದೇ ಗೊತ್ತಿಲ್ಲದವಳು ಇಷ್ಟು ದೂರದ ಮಾತು ಕೊಟ್ಟುಬಿಟ್ಟಿದ್ದಳು.

"ನಾನೂ ಬರ್ತೀನಿ," ಎಂದ ಮೊಲೆಫಿ, ತಲೆ ಎತ್ತದೆ.

ಅಧ್ಯಕ್ಷರು ಇಬ್ಬರನ್ನೂ ನೋಡಿದರು. "ಹೂಂ... ಮಾಡಿ, ನೋಡೋಣ," ಎಂದು ಗೊಣಗಿ ಹೊರಟರು.

ಮರುದಿನ ಗ್ರಂಥಾಲಯದ ಹಿತ್ತಿಲಲ್ಲಿ ನೆರೆಮನೆಯ ಹೆಂಗಸರೆಲ್ಲ ಸೇರಿ ಮಣ್ಣು, ಸಗಣಿ ಕಲಸಿ ತುಳಿದರು. ಮೊಲೆಫಿಯೂ ಪ್ಯಾಂಟು ಮಡಚಿಕೊಂಡು ಇಳಿದ. ಹೆಂಗಸರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಗಂಡಸು ದಿತೆಮಾ ಮಾಡ್ತಾನಂತೆ! ಲಂಗ ಬೇಕಾ ಮೊಲೆಫಿ? ನಂದು ಕೊಡ್ತೀನಿ!"

"ನಿನ್ನದು ನನಗೆ ಸಡಿಲ ಆಗುತ್ತೆ ಮಾ-ತುಮೆಲೊ!"

ದಿನೆಯೊ ನಗಲಿಲ್ಲ. ಆದರೆ ಆ ಗಲಾಟೆ ಅವಳಿಗೆ ಬೇಡವೆನಿಸಲೂ ಇಲ್ಲ.

ಕೆತ್ತಿದ ಗೋಡೆ ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವಳು ಬಲಗಡೆಯಿಂದ ಗೆರೆ ಎಳೆಯುತ್ತ ಬಂದಳು. ಕೈಗೆ ಎಲ್ಲ ನೆನಪಿತ್ತು. ನಡುವಿನವರೆಗೆ ಬಂದಾಗ ಮಾತ್ರ ಕೈ ನಿಂತುಬಿಟ್ಟಿತು. ಎಡಗಡೆಯಿಂದ ಬರೆಯುತ್ತ ಬಂದು ಅಮ್ಮ ಅವಳನ್ನು ಸಂಧಿಸುತ್ತಿದ್ದದ್ದು ಅಲ್ಲಿಯೇ. ಎಡಗಡೆಯ ಮಣ್ಣು ಈಗ ಬರಿದಾಗಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ...

"ದಿನೆಯೊ," ಮೊಲೆಫಿ ಮೆಲ್ಲಗೆ ಕರೆದ. ಈ ಸಲ ಆವ್ಸಿ ಎನ್ನಲಿಲ್ಲ. "ಮಣ್ಣು ಒಣಗ್ತಿದೆ. ನಾನು ಆ ಕಡೆಯಿಂದ ಬರ್ಲಾ? ಹೇಗೆ ಅಂತ ತೋರಿಸು."

ಅವಳು ಫೋರ್ಕನ್ನು ಅವನ ಕೈಗಿತ್ತು, ಅವನ ಮುಷ್ಟಿಯ ಮೇಲೆ ತನ್ನ ಕೈ ಇಟ್ಟು ಒಂದು ಗೆರೆ ಎಳೆಸಿದಳು. ಎರಡನೆಯದನ್ನು ಅವನೇ ಎಳೆದ.

"ಥೂ, ಎಷ್ಟು ಸೊಟ್ಟ!" ಎಂದಳು.

"ಅಳಿಸ್ಲಾ?"

"ಬೇಡ... ಇರ್ಲಿ."

ಅವಳು ಹಣೆಯನ್ನು ಕಿಟಕಿಯ ಚೌಕಟ್ಟಿಗೆ ಒರಗಿಸಿದಳು. ತಿಂಗಳುಗಳಿಂದ ಬಾರದ ಕಣ್ಣೀರು ಸದ್ದಿಲ್ಲದೆ ಬಂತು. ಬಹಳ ಬರಲಿಲ್ಲ. ಮೊಲೆಫಿ ತನ್ನ ಸೊಟ್ಟ ಗೆರೆಗಳನ್ನು ಎಳೆಯುತ್ತಲೇ ಇದ್ದ.

ಸಂಜೆ ಹೆಂಗಸರೆಲ್ಲ ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಪ್ರತಿ ವರ್ಷ ಬರ್ತೀನಿ ಅಂದ್ಯಲ್ಲ," ದಿನೆಯೊ ಕೇಳಿದಳು. "ಗೋಡೆಗಾ?"

"ಗೋಡೆಗೂ."

"ಇನ್ನೇನಕ್ಕೆ?"

ಅವನು ಬೆರಳಿಗೆ ಅಂಟಿದ ಮಣ್ಣನ್ನು ಕೆರೆದ. "ಅಳತೆ ತಗೊಳ್ಳೋಕೆ ಬಂದ ದಿನ ನೀನು ಅಮ್ಮನ ಜೊತೆ ಜಗಳ ಆಡ್ತಾ, ನಗ್ತಾ ಇದ್ದೆ. ನನ್ನ ಕಡೆ ನೋಡ್ಲೇ ಇಲ್ಲ. ಆವತ್ತಿಂದ ನೀನು ನನ್ನ ತಲೆಯಿಂದ ಹೋಗಿಲ್ಲ ದಿನೆಯೊ... ನಂಗೆ ನೀನಂದ್ರೆ ಇಷ್ಟ."



"ಆ ನಗೋ ಹುಡುಗಿ ಈಗಿಲ್ಲ ಮೊಲೆಫಿ. ನಂಗೂ ಇಷ್ಟ ಅಂತ ಈಗ್ಲೇ ಅಂದ್ರೆ ಸುಳ್ಳಾಗುತ್ತೆ. ಒಳಗೆ ಇನ್ನೂ ಜೋಮು ಹಿಡಿದ ಹಾಗಿದೆ."

"ಹೇಳ್ಬೇಡ. ನಾನೇನೂ ಕೇಳಲ್ಲ." ಅವನು ಎದ್ದು ನಿಂತ. "ಬಿಟ್ಟು ಬರ್ಲಾ ಮನೆಗೆ? ಇಲ್ಲಾ ನಾನು ಹೋಗ್ಲಾ?"

"ಹೋಗ್ಬೇಡ," ಎಂದಳು. ಅವನ ಮಣ್ಣಾದ ತೋಳು ಹಿಡಿದು ಕೂರಿಸಿದಳು. ಹಿಡಿದ ಕೈಯನ್ನು ಬಿಡಲಿಲ್ಲ. "ಮೊಲೆಫಿ..."

"ಹೂಂ?"

"ನಂಗೆ ಹಸಿವಾಗ್ತಿದೆ."

ಅವನು ಅವಳ ಮುಖ ನೋಡಿದ. ಅದು ಸಣ್ಣ ಮಾತಲ್ಲವೆಂದು ಅವನಿಗೆ ತಿಳಿಯಿತು.

"ಏನು ತಿಂತೀಯಾ?"

"ಏನಾದ್ರೂ. ಬಿಸಿಯಾಗಿರ್ಲಿ... ಇಬ್ರೂ ತಿನ್ನೋಣ."